ಬಿರಡೆಯನ್ನು ಹಿಡಿದಿರುವವರು ಯಾರು?

ಐಹೊಳೆಗೆ ಪ್ರವಾಸ ಹೋಗುವ ವಿದ್ಯಾರ್ಥಿಗಳು ಮೇಗುತಿಯ ಗುಡಿಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನವನ್ನು ತಪ್ಪದೆ ನೋಡುತ್ತಾರೆ. ದುರ್ಗದ ಗುಡಿಯ ದುಂಡನೆಯ ಹಿಂಬದಿಯನ್ನು ಕಂಡು ಬೆರಗಾಗುತ್ತಾರೆ. ಗೌಡರ ಗುಡಿಯ ಬಳಿ ಮೆಟ್ಟಿಲುಗಳಿಂದ ಕೂಡಿದ ಒಂದು ಹೊಂಡವೂ ಉಂಟು. ಅದರತ್ತ ಒಮ್ಮೆ ಕಣ್ಣು ಹಾಯಿಸಿ ಮುಂದೆ ಸಾಗುತ್ತಾರೆ. ಭೌತಶಾಸ್ತ್ರವನ್ನು ಓದುವವರು ಅಲ್ಲಿ ಎರಡು ನಿಮಿಷ ನಿಂತು ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳ್ಳೆಯದು. ಇಂಥ ಹೊಂಡದಲ್ಲಿ ತುಂಬಿದ ನೀರನ್ನು ಹೊರಕ್ಕೆ ಕಳುಹಿಸಬೇಕಾದರೆ ಏನು ಮಾಡಬೇಕು?

ತಳದಲ್ಲಿ ಒಂದು ಕಂಡಿಯನ್ನಿಟ್ಟು, ಅದಕ್ಕೆ ಬಿರಡೆ ಹಾಕಿ, ಬೇಕಾದಾಗ ಬಿರಡೆ ತೆಗೆದರಾಯಿತು ಎಂಬ ಉತ್ತರ ಥಟ್ಟನೆ ಹೊಳೆಯುತ್ತದೆ. ಆದರೆ ಸಮನೆಲದಲ್ಲಿ ಅಗೆದ ಹೊಂಡಕ್ಕೆ ಈ ಉಪಾಯ ಒದಗುವುದಿಲ್ಲ. ನೀರು ತಾನಾಗಿ ಹರಿದು ಹೋಗಬೇಕಾದರೆ ತಳಕ್ಕಿಂತಲೂ ತಗ್ಗಾದ ಜಾಗ ಹತ್ತಿರದಲ್ಲಿರಬೇಕಷ್ಟೆ. ಅದಿಲ್ಲದ ಕಡೆ ನೀರನ್ನು ಎತ್ತಿಯೇ ಹಾಕಬೇಕು, ಇಲ್ಲವೆ ಬೇಸಿಗೆಯನ್ನು ಕಾಯಬೇಕು. ಕೆರೆಯ ಸಂಗತಿ ಬೇರೆ. ಕೆರೆಯ ನೀರು ಏರಿಯ ಹಿಂದೆ ಎತ್ತರದಲ್ಲಿ ನಿಂತಿರುತ್ತದೆ. ಗದ್ದೆಗಳು ಏರಿಯ ಮುಂದೆ ತಗ್ಗಿನಲ್ಲಿರುತ್ತವೆ. ಆದಕಾರಣ ಕನ್ನಡನಾಡಿನಲ್ಲಿ ತಳದ ಕಂಡಿ, ಅದಕ್ಕೊಂದು ಬಿರಡೆ ಎಂಬ ಏರ್ಪಾಡು ಬೆಳೆದದ್ದು ಕೆರೆಗಳಲ್ಲಿ. ಅದರ ಹೆಸರು ತೂಬು. ನಮ್ಮ ಹಳೆಯ ಶಾಸನಗಳು ಅದನ್ನು ತೂಂಬು ಎಂದು ಕರೆಯುತ್ತವೆ. ಕೆರೆಯ ಪಾಲನೆಗೆಂದು ಬಿತ್ತುವಟ್ಟವಾಗಿ ಭೂಮಿಯನ್ನು ಬಿಟ್ಟುಕೊಟ್ಟ ಸಂಗತಿಯನ್ನೂ ಶಾಸನಗಳು ಹೇಳುತ್ತವೆ.

ಹಳೆಯ ಮಾದರಿಯ ತೂಬನ್ನು ನೋಡಿದವರಿಗೆ ಅದರ ರಚನೆ ನೆನಪಿರಬಹುದು. ಏರಿಯ ಒಳಮಗ್ಗುಲಲ್ಲಿ, ನೀರಿನ ನಡುವೆ, ಎರಡು ಕಲ್ಲುಕಂಬಗಳು ನಿಂತಿರುತ್ತವೆ. ಅಡ್ಡಗಲ್ಲುಗಳು ಅವೆರಡನ್ನೂ ಕೂಡಿಸುತ್ತವೆ. ಅಡ್ಡಗಲ್ಲುಗಳಲ್ಲಿ ಕೊರೆದ ರಂಧ್ರದ ಮೂಲಕ ಉದ್ದನೆಯ ಗಳುವೊಂದು ಕೆಳಕ್ಕೆ ಇಳಿದಿರುತ್ತದೆ. ಗಳುವಿನ ತುದಿಯಲ್ಲಿ ಬಿರಡೆ, ಬಿರಡೆಯ ಕೆಳಗೆ ಕಂಡಿ, ಕಂಡಿಯಿಂದ ಏರಿಯ ಅಡಿಯಲ್ಲಿ ಹಾದು ಗದ್ದೆಯ ಕಡೆಗೆ ಹೋಗುವ ಕಲ್ಲಿನ ಕಾಲುವೆ. ನೀರುಗಂಟಿಯು ಮೇಲಿನಿಂದ ಗಳುವನ್ನು ಎತ್ತಿದರೆ ತೂಬು ತೆರೆಯಿತು, ಇಳಿಸಿದರೆ ಮುಚ್ಚಿತು. ಈ ಗಳುವಿನ ಉದ್ದವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬಿರಡೆ ತಳದಲ್ಲಿದ್ದರೂ ಅದನ್ನು ಎತ್ತುವ ಮನುಷ್ಯನು ನೀರಿನ ಮೇಲಿದ್ದಾನೆ. ಮುಂದೆ ಹೇಳಲಿರುವ ಮಾತಿಗೆ ಇದು ಬಹಳ ಮುಖ್ಯ.

ಇಂದು ಅನೇಕ ಊರುಗಳಲ್ಲಿ ಈಜುಕೊಳಗಳಾಗಿವೆ. ದೊಡ್ಡ ಕೊಳಗಳಲ್ಲಿ ಪಂಪು, ಕೊಳವೆ, ಕವಾಟಗಳ ಏರ್ಪಾಡಿರುತ್ತದೆ. ಸಣ್ಣ ಕೊಳಗಳಲ್ಲಿಯೂ ನೀರಿನ ತೊಟ್ಟಿಗಳಲ್ಲಿಯೂ ತಳದ ಕಂಡಿಗೆ ಬಿರಡೆ ಹಾಕುವ ಪದ್ಧತಿ ಇನ್ನೂ ಉಂಟು. ತಿಂಗಳುಗಟ್ಟಲೆ ನೀರಿನಲ್ಲಿ ಕುಳಿತ ಬಿರಡೆ ಒಂದು ದಿನ ಮೇಲೇಳಲು ಒಪ್ಪುವುದಿಲ್ಲ. ಆಗ ಸಾಮಾನ್ಯವಾಗಿ ನಡೆಯುವುದೇನು? “ಕೆಸರು ಕಟ್ಟಿದೆ, ತುಕ್ಕು ಹಿಡಿದಿದೆ” ಎಂದು ತೀರ್ಮಾನಿಸಿ, ಚೆನ್ನಾಗಿ ಈಜು ಬಲ್ಲ ಹುಡುಗನೊಬ್ಬನನ್ನು ಕರೆದು, “ಮುಳುಗಿ ಕಿತ್ತು ಬಾ” ಎನ್ನುತ್ತಾರೆ. ಈ ಅಪ್ಪಣೆಯನ್ನು ಯಾರೂ ಕೊಡಬಾರದು, ಯಾರೂ ಪಾಲಿಸಬಾರದು ಎಂಬುದೇ ನನ್ನ ವಾದ. ವಾದಕ್ಕೆ ಆಧಾರ ಬೇಕಾದರೆ ಬಿರಡೆಯನ್ನು ಹಿಡಿದಿರುವವರು ಯಾರೆಂಬುದನ್ನು ಮೊದಲು ತಿಳಿಯಬೇಕು.

ಕೆಸರು, ತುಕ್ಕು, ಮರದ ಬಿರಡೆಯಾದರೆ ನೀರು ಕುಡಿದು ಉಬ್ಬಿದ್ದು, ಇವೆಲ್ಲ ಘರ್ಷಣೆಯನ್ನು ಹೆಚ್ಚಿಸುತ್ತವೆ ನಿಜ. ಆದರೆ ಮುಖ್ಯ ಆರೋಪಿ ಇವುಗಳಲ್ಲ. ಲೆಕ್ಕ ಹಾಕಿ ನೋಡೋಣ. ಬಿರಡೆಯ ವ್ಯಾಸ 20 ಸೆಂಟಿಮೀಟರ್, ನೀರಿನ ಆಳ ಎರಡೂವರೆ ಮೀಟರ್ ಎಂದಿಟ್ಟುಕೊಳ್ಳಿ. ಬಿರಡೆಯ ವಿಸ್ತೀರ್ಣ ಸುಮಾರು 314 ಚದರ ಸೆಂಟಿಮೀಟರ್. ಎರಡೂವರೆ ಮೀಟರ್ ನೀರು ಪ್ರತಿ ಚದರ ಸೆಂಟಿಮೀಟರಿನ ಮೇಲೆ 250 ಗ್ರಾಂ ತೂಕದಷ್ಟು ಒತ್ತುತ್ತದೆ. ಎರಡನ್ನೂ ಗುಣಿಸಿದರೆ ಬರುವುದು ಹೆಚ್ಚುಕಡಿಮೆ 78 ಕಿಲೋಗ್ರಾಂ ತೂಕ. ಎಂದರೆ ಬಿರಡೆಯ ಮೇಲೆ ಮೈತುಂಬಿದ ಆಳೊಬ್ಬ ಸದಾ ನಿಂತಿರುವ ಹಾಗೆ! ಅವನು ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ. ಬಿರಡೆ ಸ್ವಚ್ಛವಾಗಿದ್ದರೂ, ಎಣ್ಣೆ ಸವರಿದ್ದರೂ ಅವನು ಇಳಿದು ಹೋಗುವುದಿಲ್ಲ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ನಿವಾರಿಸಿಕೊಳ್ಳಬೇಕು. ಕೊಳ ದೊಡ್ಡದಾದರೆ ಬಿರಡೆಯ ಮೇಲಿನ ಭಾರವೂ ಹೆಚ್ಚು ಎಂದು ಹಲವರು ನಂಬಿದ್ದಾರೆ. ಇದು ಸರಿಯಲ್ಲ. 50 ಮೀಟರ್ ಉದ್ದದ ಈಜುಕೊಳವಾಗಲಿ, ಕಿರಿದಾದ ಬಾವಿಯಾಗಲಿ, ಆಳ ಒಂದೇ ಆಗಿದ್ದರೆ ಒತ್ತಡವೂ ಒಂದೇ. ನೆದರ್ಲೆಂಡ್ಸಿನ ಸೈಮನ್ ಸ್ಟೆವಿನ್ 1586ರಷ್ಟು ಹಿಂದೆಯೇ ಇದನ್ನು ಬರೆದಿಟ್ಟಿದ್ದಾನೆ. ಎಣಿಸಬೇಕಾದ ಸಂಗತಿಗಳು ಎರಡೇ: ಆಳ ಮತ್ತು ಬಿರಡೆಯ ವಿಸ್ತೀರ್ಣ. ವ್ಯಾಸ ಇಮ್ಮಡಿಯಾದರೆ ಭಾರ ನಾಲ್ಮಡಿಯಾಗುತ್ತದೆ ಎಂಬುದನ್ನು ಮರೆಯಲಾಗದು. ಅದೇ ಆಳದಲ್ಲಿ 10 ಸೆಂಟಿಮೀಟರ್ ಬಿರಡೆಯ ಮೇಲಿನ ಭಾರ ಸುಮಾರು 20 ಕಿಲೋಗ್ರಾಂ. 30 ಸೆಂಟಿಮೀಟರ್ ಬಿರಡೆಯ ಮೇಲಿನದು ಸುಮಾರು 177 ಕಿಲೋಗ್ರಾಂ. ಆರು ಮೀಟರ್ ಆಳದ ಕೆರೆಯಲ್ಲಿ ಈ ಎರಡನೆಯ ಬಿರಡೆಯನ್ನಿಟ್ಟರೆ 424 ಕಿಲೋಗ್ರಾಂ!

ಎರಡನೆಯದು ವಾಯುಮಂಡಲದ ಒತ್ತಡಕ್ಕೆ ಸಂಬಂಧಿಸಿದ್ದು. “ನೀರಿನ ಮೇಲೆ ಗಾಳಿಯ ಒತ್ತಡವೂ ಇದೆಯಲ್ಲ, ಅದನ್ನೇಕೆ ಸೇರಿಸಲಿಲ್ಲ?” ಎಂದು ಜಾಣ ವಿದ್ಯಾರ್ಥಿ ಕೇಳಿಯಾನು. ಬಿರಡೆಯ ಕೆಳಗಿನ ಕೊಳವೆ ಹೊರಗೆ ತೆರೆದುಕೊಂಡಿದ್ದರೆ ಅಲ್ಲಿಯೂ ಗಾಳಿ ಇದೆ. ಅದು ಅಷ್ಟೇ ಬಲದಿಂದ ಮೇಲಕ್ಕೆ ಒತ್ತುತ್ತಿದೆ. ಒಂದರ ಲೆಕ್ಕ ಇನ್ನೊಂದಕ್ಕೆ ವಜಾ. ಆದರೆ ಕೊಳವೆಯ ಇನ್ನೊಂದು ಕಡೆ ಪಂಪು ಗಾಳಿಯನ್ನು ಸೆಳೆಯುತ್ತಿದ್ದರೆ ವಜಾ ಆಗುವುದಿಲ್ಲ. ಆಗ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂ ತೂಕದವರೆಗೂ ಹೆಚ್ಚಿನ ಭಾರ ಬೀಳಬಹುದು. 78 ಕಿಲೋಗ್ರಾಂ ಇದ್ದದ್ದು 390ನ್ನು ಮುಟ್ಟಬಹುದು. ಹದಿನೇಳನೆಯ ಶತಮಾನದಲ್ಲಿ ಜರ್ಮನಿಯ ಒಟ್ಟೊ ಫಾನ್ ಗೆರಿಕೆ ಎರಡು ತಾಮ್ರದ ಅರೆಗೋಳಗಳನ್ನು ಜೋಡಿಸಿ, ಒಳಗಿನ ಗಾಳಿಯನ್ನು ತೆಗೆದು, ಎರಡು ಕಡೆ ಕುದುರೆಗಳಿಂದ ಎಳೆಸಿದ ಕಥೆಯನ್ನು ನೀವೆಲ್ಲ ಓದಿದ್ದೀರಿ. ಕುದುರೆಗಳ ಬಲಕ್ಕೆ ಜಗ್ಗದ ಅರೆಗೋಳಗಳು ಒಳಕ್ಕೆ ಗಾಳಿ ಬಿಟ್ಟೊಡನೆ ತಾವಾಗಿ ಬೇರೆಯಾದವು. ಅಲ್ಲಿ ಕುದುರೆಗಳು ಕಡಿಮೆಯಾದದ್ದಲ್ಲ, ಒಳಗಿನ ಒತ್ತಡ ಕಡಿಮೆಯಾಗಿದ್ದದ್ದು ಅಡ್ಡಿ.

ಹಾಗಾದರೆ ಬಿರಡೆಯನ್ನು ಹಿಡಿದಿರುವುದು ನೀರೂ ಅಲ್ಲ, ಗಾಳಿಯೂ ಅಲ್ಲ. ಮೇಲಿನ ಒತ್ತಡಕ್ಕೂ ಕೆಳಗಿನ ಒತ್ತಡಕ್ಕೂ ಇರುವ ವ್ಯತ್ಯಾಸ. ವ್ಯತ್ಯಾಸವನ್ನು ಅಳಿಸಿದರೆ ಬಿರಡೆ ಸಡಿಲ. ಇದನ್ನು ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ. ಒಂದು ಪ್ಲಾಸ್ಟಿಕ್ ಬಾಟಲಿ, ಒಂದು ಟೇಬಲ್ ಟೆನಿಸ್ ಚೆಂಡು ಇದ್ದರೆ ಮನೆಯಲ್ಲಿಯೇ ಪರೀಕ್ಷಿಸಬಹುದು.

ಬಾಟಲಿಯ ತಳವನ್ನು ಕತ್ತರಿಸಿ ತೆಗೆಯಿರಿ. ಮುಚ್ಚಳವಿಲ್ಲದ ಬಾಯಿ ಕೆಳಗಾಗುವಂತೆ ಅದನ್ನು ತಲೆಕೆಳಗಾಗಿ ಹಿಡಿಯಿರಿ. ಚೆಂಡನ್ನು ಒಳಗೆ ಹಾಕಿದರೆ ಅದು ಕತ್ತಿನ ಬಳಿ ಬಂದು ಕೂರುತ್ತದೆ. ಚೆಂಡನ್ನು ಬೆರಳಿನಿಂದ ಒತ್ತಿಕೊಂಡು ಮೇಲಿನಿಂದ ನೀರು ಹೊಯ್ಯಿರಿ. ನೀರು ಏರಿದ ಮೇಲೆ ಬೆರಳನ್ನು ತೆಗೆಯಿರಿ. ನೀರಿನ ಮೇಲೆ ತೇಲಬೇಕಾದ ಹಗುರವಾದ ಚೆಂಡು ತಳದಲ್ಲಿಯೇ ಕಚ್ಚಿಕೊಂಡಿರುತ್ತದೆ! ಅದರ ಸಂದಿಯಿಂದ ನೀರು ಹನಿಹನಿಯಾಗಿ ಸೋರುತ್ತಿರುತ್ತದೆ. ಈಗ ಚೆಂಡನ್ನು ಮುಟ್ಟಬೇಡಿ. ಬಾಟಲಿಯ ಬಾಯಿಯನ್ನು ಕೆಳಗಿನಿಂದ ಅಂಗೈಯಿಂದ ಮುಚ್ಚಿರಿ, ಸಾಕು. ಸೋರಿದ ನೀರು ಹೊರಕ್ಕೆ ಹೋಗಲಾರದೆ ಕತ್ತಿನಲ್ಲಿ ತುಂಬಿಕೊಳ್ಳುತ್ತದೆ. ಕೆಳಗಿನ ಒತ್ತಡ ಮೇಲಿನದಕ್ಕೆ ಸಮವಾಗುತ್ತಿದ್ದಂತೆ ಚೆಂಡು ಪುಟಿದು ಮೇಲಕ್ಕೆ ಬರುತ್ತದೆ. ಎಳೆದವರಾರು? ಯಾರೂ ಇಲ್ಲ. ಹೊರಬಾಯಿಯನ್ನು ಮುಚ್ಚಿದ್ದರಿಂದ ಒಳಬಾಯಿ ತೆರೆಯಿತು.

ಈ ಸಣ್ಣ ಆಟದಲ್ಲಿ ಕಚ್ಚಿಕೊಂಡ ಬಿರಡೆಯನ್ನು ತೆಗೆಯುವ ಶಾಸ್ತ್ರವೆಲ್ಲ ಅಡಗಿದೆ. ಕೊಳದ ಹೊರಗೆ, ಕೊಳವೆಯ ಇನ್ನೊಂದು ತುದಿಯಲ್ಲಿ ಒಂದು ಕವಾಟವಿರಲಿ. ಪಂಪು ಇದ್ದರೆ ಅದನ್ನು ಮೊದಲು ನಿಲ್ಲಿಸಬೇಕು. ಆಮೇಲೆ ಕವಾಟವನ್ನು ಮುಚ್ಚಿ, ಕೊಳವೆಯೊಳಕ್ಕೆ ಹೊರಗಿನಿಂದಲೇ ನೀರು ತುಂಬಬೇಕು. ಒಳಗೂ ಹೊರಗೂ ಒತ್ತಡ ಸಮವಾದ ಮೇಲೆ ಉಳಿಯುವುದು ಬಿರಡೆಯ ಸ್ವಂತ ತೂಕ, ತುಸು ಘರ್ಷಣೆ ಮಾತ್ರ. ಮೊದಲೇ ಬಿರಡೆಗೆ ಕಟ್ಟಿಟ್ಟ ಸರಪಳಿಯನ್ನೋ ಗಳುವನ್ನೋ ದಡದಿಂದ ಎತ್ತಿದರೆ ಅದು ಬರುತ್ತದೆ. ಇನ್ನೂ ಬರದಿದ್ದರೆ ಎಳೆಯುವುದಕ್ಕಿಂತ ತಿರುಚುವುದು ಮೇಲು. ಮೊನಚಾದ ಬಿರಡೆ ಕೂದಲೆಳೆಯಷ್ಟು ಅಲುಗಿದರೂ ಅದರ ಹಿಡಿತ ಬಿಟ್ಟಂತೆಯೇ. ಬಿರಡೆ ಮೇಲೆ ಬಂದು, ನೀರಿನಲ್ಲಿ ಯಾರೂ ಇಲ್ಲವೆಂದು ಖಚಿತವಾದ ಮೇಲೆ, ಹೊರಗಿನ ಕವಾಟವನ್ನು ಮೆಲ್ಲಗೆ ತೆರೆಯುವುದು.

ಹೊರಗೆ ಕವಾಟವೇ ಇಲ್ಲದಿದ್ದರೆ? ಆಗ ಕೆಳಗಿನ ಒತ್ತಡವನ್ನು ಏರಿಸಲಾಗದು, ಮೇಲಿನದನ್ನು ಇಳಿಸಬಹುದು. ಕೊಳದ ನೀರನ್ನು ಪಂಪಿನಿಂದಲೋ, ತಗ್ಗಾದ ಜಾಗ ಹತ್ತಿರವಿದ್ದರೆ ಸೈಫನ್ ಕೊಳವೆಯಿಂದಲೋ ಮೇಲಿನಿಂದ ಹೊರಕ್ಕೆ ಹಾಕುವುದು. ಎರಡೂವರೆ ಮೀಟರ್ ಆಳದ ನೀರು ಅರ್ಧ ಮೀಟರಿಗೆ ಇಳಿಯುವ ಹೊತ್ತಿಗೆ 78 ಕಿಲೋಗ್ರಾಂ ಭಾರ 16ಕ್ಕೆ ಇಳಿದಿರುತ್ತದೆ. ಇದಕ್ಕೆ ಒಂದು ದಿನ ಹಿಡಿಯಬಹುದು. ಹಿಡಿಯಲಿ. ಬಿರಡೆ ಎಲ್ಲಿಗೂ ಓಡಿಹೋಗುವುದಿಲ್ಲ.

ಇನ್ನು ಮುಳುಗಿ ಕೀಳುವ ಸಾಹಸದ ಮಾತು. ಬಲಶಾಲಿಯಾದ ಯುವಕನೊಬ್ಬ ತಳದ ಮೇಲೆ ಕಾಲೂರಿ, ಉಸಿರು ಬಿಗಿಹಿಡಿದು, 78 ಕಿಲೋಗ್ರಾಮನ್ನು ಮೀರಿ ಎಳೆದನೆಂದೇ ಇಟ್ಟುಕೊಳ್ಳೋಣ. ಬಿರಡೆ ಬಂತು. ಕಥೆ ಮುಗಿಯಿತೆ? ಇಲ್ಲ, ಅಪಾಯ ಶುರುವಾಗುವುದೇ ಅಲ್ಲಿಂದ. ಟಾರಿಚೆಲಿಯ ನಿಯಮದಂತೆ ಎರಡೂವರೆ ಮೀಟರ್ ಆಳದ ಕಂಡಿಯಿಂದ ನೀರು ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ನುಗ್ಗುತ್ತದೆ. 20 ಸೆಂಟಿಮೀಟರ್ ಕಂಡಿಯ ಮೂಲಕ ಪ್ರತಿ ಸೆಕೆಂಡಿಗೆ ನೂರು ಲೀಟರಿಗೂ ಹೆಚ್ಚು ನೀರು ಹೊರಕ್ಕೆ ಹೋಗುತ್ತದೆ. ಆ ಸೆಳೆತದಲ್ಲಿ ಅವನ ಕೈಯೋ ಕಾಲೋ ಬೆನ್ನೋ ಕಂಡಿಗೆ ಅಡ್ಡವಾಯಿತೆನ್ನಿ. ಒಂದು ಕ್ಷಣದ ಹಿಂದೆ ಬಿರಡೆಯ ಮೇಲಿದ್ದ ಭಾರ ಈಗ ಅವನ ಮೈಮೇಲೆ ಬಂದಿತು. ಬಿರಡೆಯನ್ನು ಕಿತ್ತವನು ತಾನೇ ಬಿರಡೆಯಾದನು! ದಡದಲ್ಲಿದ್ದವರು ಧುಮುಕಿ ಅವನನ್ನು ಎಳೆದರೂ ಫಲವಿಲ್ಲ. ಕಚ್ಚಿಕೊಂಡ ಬಿರಡೆಯನ್ನು ಎಳೆಯುವಷ್ಟೇ ಬಲ ಇವನನ್ನು ಎಳೆಯುವುದಕ್ಕೂ ಬೇಕು. ಆದರೆ ಬಿರಡೆಗೆ ಉಸಿರಾಟದ ಅಗತ್ಯವಿಲ್ಲ, ಮನುಷ್ಯನಿಗೆ ಉಂಟು.

ಇದು ಹೆದರಿಸಲು ಕಟ್ಟಿದ ಕಲ್ಪನೆಯಲ್ಲ. 2002ರಲ್ಲಿ ಅಮೆರಿಕದಲ್ಲಿ ವರ್ಜೀನಿಯಾ ಗ್ರೇಮ್ ಬೇಕರ್ ಎಂಬ ಏಳು ವರ್ಷದ ಹುಡುಗಿ ಬಿಸಿನೀರಿನ ಸ್ನಾನದ ತೊಟ್ಟಿಯೊಂದರ ತಳದ ಕಂಡಿಯ ಸೆಳೆತಕ್ಕೆ ಸಿಕ್ಕಿ ತೀರಿಕೊಂಡಳು. ಆಕೆ ಆ ದೇಶದ ಮಾಜಿ ವಿದೇಶಾಂಗ ಸಚಿವ ಜೇಮ್ಸ್ ಬೇಕರರ ಮೊಮ್ಮಗಳು. ಮಗುವಿನ ತಾಯಿ ಹೋರಾಡಿದರು; 2007ರಲ್ಲಿ ಆ ಮಗುವಿನ ಹೆಸರಿನಲ್ಲಿಯೇ ಅಲ್ಲಿ ಕಾಯಿದೆಯೊಂದು ಬಂದಿತು. ಸಾರ್ವಜನಿಕ ಈಜುಕೊಳಗಳ ತಳದ ಕಂಡಿಗೆ ಮೈ ಅಂಟಿಕೊಳ್ಳದಂಥ ಮುಚ್ಚಳವಿರಬೇಕೆಂದು ಆ ಕಾಯಿದೆ ವಿಧಿಸುತ್ತದೆ. ಒಂದೇ ಕಂಡಿಯಿಂದ ಸೆಳೆಯುವ ಬದಲು ದೂರ ದೂರದಲ್ಲಿರುವ ಎರಡು ಕಂಡಿಗಳಿಂದ ಸೆಳೆಯುವುದು ಇನ್ನೊಂದು ರಕ್ಷಣೆ. ಒಂದಕ್ಕೆ ಮೈ ಅಡ್ಡವಾದರೆ ನೀರು ಇನ್ನೊಂದರಿಂದ ಬರುತ್ತದೆ. ಒತ್ತಡದ ವ್ಯತ್ಯಾಸ ಬೆಳೆಯುವುದಿಲ್ಲ. ತತ್ತ್ವ ಮತ್ತೆ ಅದೇ.

ಇದೇ ಲೆಕ್ಕ ಬೃಹತ್ತಾದಾಗ ಏನಾಗುತ್ತದೆ ಎಂಬುದನ್ನು ನಮ್ಮ ನಾಡೇ ಕಂಡಿದೆ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅಲ್ಲಿರುವ 33 ಗೇಟುಗಳೂ 60 ಅಡಿ ಅಗಲ, 20 ಅಡಿ ಎತ್ತರದವು. ಗೇಟಿನ ಮೇಲಂಚಿನವರೆಗೂ ನೀರು ನಿಂತರೆ ಒಂದೊಂದು ಗೇಟಿನ ಮೇಲೆ ಬೀಳುವ ಬಲ ಸುಮಾರು 340 ಟನ್ ತೂಕದಷ್ಟು. ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕ ಹಾಕಿ ನೋಡಬಹುದು. ಸರಾಸರಿ ಆಳ ಎತ್ತರದ ಅರ್ಧ ಎಂಬುದು ನೆನಪಿದ್ದರೆ ಸಾಕು. ಅಲ್ಲಿ ತಂತ್ರಜ್ಞರು ಮೊದಲು ಕೈಗೊಂಡ ಕ್ರಮವೇನು? ಉಳಿದ ಗೇಟುಗಳನ್ನೂ ತೆರೆದು ನೀರು ಬಿಟ್ಟು, ಮುರಿದ ಜಾಗದ ಮೇಲಿನ ಒತ್ತಡವನ್ನು ಇಳಿಸಲು ಹೊರಟರು. ಅನಂತರ, ಗೇಟುಗಳ ಪರಿಣತ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಉಕ್ಕಿನ ತಡೆಹಲಗೆಗಳನ್ನು ಕ್ರೇನಿನಿಂದ ಒಂದರ ಮೇಲೊಂದು ಇಳಿಸಿ, ಒಂದು ವಾರದೊಳಗೆ ಆ ಕಂಡಿಯನ್ನು ಮುಚ್ಚಿದರು. ಸಾಮಾನ್ಯವಾಗಿ ಇಂಥ ತಡೆಹಲಗೆಗಳನ್ನು ನಿಶ್ಚಲವಾದ ನೀರಿನಲ್ಲಿ, ಎರಡು ಕಡೆಯೂ ಒತ್ತಡ ಸಮವಾಗಿರುವಾಗ ಇಳಿಸುತ್ತಾರೆ, ಎತ್ತುತ್ತಾರೆ. ಹರಿಯುವ ನೀರಿನಲ್ಲಿ ಇಳಿಸಬೇಕಾಗಿ ಬಂದದ್ದರಿಂದಲೇ ಆ ಕೆಲಸ ಅಷ್ಟು ಕಠಿಣವಾಯಿತು.

“ಅಣೆಕಟ್ಟಿನ ಮಾತು ಅಣೆಕಟ್ಟಿಗೆ. ಒಂದು ಸಣ್ಣ ಕೊಳಕ್ಕೆ ಇಷ್ಟೆಲ್ಲ ಏರ್ಪಾಡು ಬೇಕೆ? ಒಬ್ಬ ಈಜುಗಾರನಿಂದ ಐದು ನಿಮಿಷದಲ್ಲಿ ಆಗುವ ಕೆಲಸಕ್ಕೆ ಕವಾಟ, ಸರಪಳಿ ಎಂದು ಹಣ ಸುರಿಯುವುದೇಕೆ?” ಎಂದು ಕೆಲವರು ಆಕ್ಷೇಪಿಸಬಹುದು. ಐದು ನಿಮಿಷದಲ್ಲಿ ಹಲವು ಸಲ ಆಗಿಯೂ ಇರಬಹುದು. ಆದರೆ ಒಂಬತ್ತು ಸಲ ಸುರಕ್ಷಿತವಾಗಿ ಆಯಿತೆಂಬುದು ಹತ್ತನೆಯ ಸಲಕ್ಕೆ ಹೊಣೆಯಾಗಲಾರದು. ಆ ಒಂಬತ್ತು ಸಲವೂ 78 ಕಿಲೋಗ್ರಾಂ ಭಾರ ಅಲ್ಲಿ ಇದ್ದೇ ಇತ್ತು; ಕೈ ಅಡ್ಡಬರಲಿಲ್ಲ, ಅಷ್ಟೆ. ಕೊಳವನ್ನು ಕಟ್ಟುವಾಗಲೇ ಕೊಳವೆಯ ಹೊರಬಾಯಿಗೆ ಒಂದು ಕವಾಟ, ಬಿರಡೆಗೆ ಒಂದು ಸರಪಳಿ ಎಂದು ಸೇರಿಸಿದರೆ, ಒಟ್ಟು ವೆಚ್ಚದಲ್ಲಿ ಅದು ಎಣಿಕೆಗೆ ಬರುವಂಥದ್ದಲ್ಲ.

ಇನ್ನು ಕೆಲವರು ಹಿಂದಿನವರನ್ನು ಸಾಕ್ಷಿಗೆ ಕರೆಯುತ್ತಾರೆ. ಕೆರೆಗೆ ಮುಳುಗಿ ತೂಬು ತೆರೆಯುವ ಪದ್ಧತಿ ಕೆಲವು ಕಡೆ ಇದ್ದದ್ದು ಸತ್ಯ. ಆದರೆ ಆರಂಭದಲ್ಲಿ ಹೇಳಿದ ಆ ಉದ್ದನೆಯ ಗಳುವನ್ನು ಈಗ ನೆನೆಯಿರಿ. ನೀರುಗಂಟಿಯನ್ನು ನೀರಿನ ಮೇಲೆ ನಿಲ್ಲಿಸಿ, ಬಿರಡೆಯನ್ನು ಮಾತ್ರ ತಳದಲ್ಲಿಟ್ಟವರೂ ಹಿಂದಿನವರೇ. ಮನುಷ್ಯನಿಗೂ ಕಂಡಿಗೂ ನಡುವೆ ಇರಬೇಕಾದ ದೂರವನ್ನು ಆ ಗಳು ಕಾಯುತ್ತಿತ್ತು. ಹಿರಿಯರ ಎದೆಗಾರಿಕೆಯನ್ನು ಮಾತ್ರ ಹೊಗಳಿ ಅವರ ಜಾಣ್ಮೆಯನ್ನು ಮರೆತರೆ ಅವರಿಗೆ ಅನ್ಯಾಯ ಮಾಡಿದಂತೆ.

ನಮ್ಮ ಪಾಠಪದ್ಧತಿಯ ಬಗೆಗೂ ಇಲ್ಲಿ ಒಂದು ಮಾತು ಹೇಳಬೇಕಾಗಿದೆ. ದ್ರವದ ಒತ್ತಡವೆಂದರೆ ಆಳ, ಸಾಂದ್ರತೆ, ಗುರುತ್ವ ಇವುಗಳ ಗುಣಲಬ್ಧ ಎಂದು ಪ್ರೌಢಶಾಲೆಯ ಹುಡುಗರೂ ಒಪ್ಪಿಸುತ್ತಾರೆ. ಪರೀಕ್ಷೆಯಲ್ಲಿ ಅಂಕಗಳೂ ಬರುತ್ತವೆ. ಅದೇ ಹುಡುಗನನ್ನು ಕೊಳದ ದಡದಲ್ಲಿ ನಿಲ್ಲಿಸಿ, “ಈ ಬಿರಡೆ ಏಕೆ ಏಳುತ್ತಿಲ್ಲ?” ಎಂದು ಕೇಳಿದರೆ “ಕೆಸರು” ಎನ್ನುತ್ತಾನೆ. ಸೂತ್ರ ಪುಸ್ತಕದಲ್ಲಿ ಉಳಿಯಿತು. ನೀರು ಕೊಳದಲ್ಲಿ ಉಳಿಯಿತು. ಎರಡಕ್ಕೂ ಸಂಬಂಧ ಕಲ್ಪಿಸದಿದ್ದರೆ ಕಲಿಸಿದ ನಮ್ಮಂಥ ಅಧ್ಯಾಪಕರ ಕೆಲಸ ಅರ್ಧಕ್ಕೇ ನಿಂತಂತೆ. ಬಾಟಲಿ ಮತ್ತು ಚೆಂಡಿನ ಪ್ರಯೋಗಕ್ಕೆ ಪ್ರಯೋಗಶಾಲೆಯೂ ಬೇಡ, ಅನುದಾನವೂ ಬೇಡ. ತರಗತಿಯಲ್ಲಿ ಅದಕ್ಕೆ ಹತ್ತು ನಿಮಿಷ ಸಾಕು.

ಈಜುಕೊಳವುಳ್ಳ ಪ್ರತಿಯೊಂದು ಸಂಸ್ಥೆಯೂ ದಡದಲ್ಲಿ ಮೂರು ಸಾಲಿನ ಫಲಕವನ್ನು ಹಾಕಲಿ. ತಳದ ಕಂಡಿಯ ಬಳಿ ಯಾರೂ ಸುಳಿಯಕೂಡದು. ಪಂಪಿನ ಗುಂಡಿ ಎಲ್ಲಿದೆ, ಕವಾಟ ಎಲ್ಲಿದೆ ಎಂಬುದು ಅಲ್ಲಿರುವವರೆಲ್ಲರಿಗೂ ತಿಳಿದಿರಬೇಕು. ಯಾರಾದರೂ ಸೆಳೆತಕ್ಕೆ ಸಿಕ್ಕಿದರೆ ಒಬ್ಬನು ಅವರ ಬಳಿಗೆ ಹೋಗುವ ಮೊದಲೇ ಇನ್ನೊಬ್ಬನು ಪಂಪಿನ ಗುಂಡಿಗೂ ಕವಾಟಕ್ಕೂ ಓಡಬೇಕು; ಏಕೆಂದರೆ ಸಿಕ್ಕಿಕೊಂಡವರನ್ನು ಬಿಡಿಸುವುದು ತೋಳಲ್ಲ, ಸಮವಾದ ಒತ್ತಡ.

ಮುಳುಗಿ ಬಿರಡೆ ಕಿತ್ತು ತಂದ ಯುವಕನನ್ನು ನಾವು ಧೀರನೆಂದು ಕೊಂಡಾಡುತ್ತೇವೆ. ಅವನು ಮುಳುಗುವ ಅಗತ್ಯವೇ ಬರದಂತೆ ಕೊಳವೆಯ ಹೊರಬಾಯಿಗೆ ಕವಾಟವಿಟ್ಟವನ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಈ ಪತ್ರಿಕೆಯನ್ನು ಓದುವ ತರುಣರಲ್ಲಿ ನಾಳೆ ಕೆಲವರು ಎಂಜಿನಿಯರುಗಳಾಗುವರು, ಕೆಲವರು ಊರಿನ ಆಡಳಿತ ನಡೆಸುವರು, ಕೆಲವರು ಶಾಲೆ ಕಾಲೇಜುಗಳ ಮೇಲ್ವಿಚಾರಣೆ ವಹಿಸುವರು. ಕೊಳವೊಂದರ ನಕ್ಷೆ ಅವರ ಮುಂದೆ ಬಂದಾಗ ಅವರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಬಿರಡೆ ಕಚ್ಚಿಕೊಂಡ ದಿನ ಯಾರೂ ನೀರಿಗಿಳಿಯದೆ ಅದನ್ನು ತೆಗೆಯುವ ಬಗೆ ಯಾವುದು? ಅದಕ್ಕೆ ನಕ್ಷೆಯಲ್ಲಿ ಉತ್ತರವಿಲ್ಲದಿದ್ದರೆ ಆ ನಕ್ಷೆಗೆ ಸಹಿ ಹಾಕಬಾರದು.